ದೋಣಿಯಲ್ಲಿ ಒಬ್ಬರೇ ತಿನ್ನುವಂತಿಲ್ಲ

ಈ ಮಳೆಗಾಲ ಹಿಡಿಯುವ ಮೊದಲೇ ನನ್ನ ಬಲ ಮಂಡಿ ಸ್ವಯಂ ನಿವೃತ್ತಿ ಘೋಷಿಸಿತು. ಸರ್ಕಾರದ ಸೈಕಲ್ಲನ್ನೂ ನನ್ನನ್ನೂ ಒಟ್ಟಿಗೆ ದುಡಿಸಿದ ಮಂಡಿ, ಇಷ್ಟು ದಿನ ತಾಳಿದ್ದೇ ದೊಡ್ಡದು. ಮೂಳೆ ತಜ್ಞರು ಚಿತ್ರ ತೆಗೆಸಿದರು, ಅದನ್ನು ಬೆಳಕಿಗೆ ಹಿಡಿದು ಶೋಕಸಭೆಯಲ್ಲಿ ನಿಂತವರಂತೆ ತಲೆ ತಗ್ಗಿಸಿದರು. ಆಮೇಲೆ, "ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ, ಚೆನ್ನಾಗಿ ರೆಸ್ಟ್ ಮಾಡಿ ಸರ್" ಎಂದರು. ಚೀಟಿ ಹಿಡಿದು ಬ್ರಹ್ಮಾವರದ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ಎದ್ದು ನಿಂತು, "ಊಟ ಆದ್ಮೇಲೆ ತಕೊಳ್ಳಿ ಸರ್, ಖಾಲಿ ಹೊಟ್ಟೆಗೆ ಬೇಡ" ಎಂದು ಸಕಲ ಮರ್ಯಾದೆಗಳೊಂದಿಗೆ ನೋವಿನ ಮಾತ್ರೆಯ ಒಂದು ಸ್ಟ್ರಿಪ್ ಕೈಗಿತ್ತರು.

ತಿರುಗಿಸಿ ನೋಡಿದೆ. ಕೆಂಪು ಟೊಪ್ಪಿ, ಹಳದಿ ಮೈ. ಹಳೆಯ ಪರಿಚಯ.

ಪಕ್ಕದಲ್ಲಿ ಯಾರೋ ನೋವಿನ ಬಾಮಿನ ಡಬ್ಬಿ ತೆರೆದು ಮೂಸಿ ನೋಡುತ್ತಿದ್ದರು. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರ ಮೀನಿನ ಬುಟ್ಟಿಯಿಂದ ನೀರು ಇಳಿಯುತ್ತಿತ್ತು. ಬಾಮು, ಮೀನು, ಮಳೆ ಮೂರೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಬ್ರಹ್ಮಾವರದಲ್ಲಿ ಇರಲಿಲ್ಲ. ಬೈಂದೂರು ಕಡೆಯ ಒಂದು ಕಡಲ ಕೇರಿಯ ದೋಣಿ ಶೆಡ್ಡಿನಲ್ಲಿ, ತಗಡಿನ ಮಾಡಿನ ಕೆಳಗೆ, ಕೈಯಲ್ಲಿ ಪ್ರಶ್ನೆಗಳ ಹಾಳೆ ಹಿಡಿದು ನಿಂತಿದ್ದೆ.

ಕೇರಿಯ ಹೆಸರು ಬರೆಯುವಂತಿಲ್ಲ. ಸಂಶೋಧನೆಯ ನೈತಿಕತೆ ಕಾಯುವ ಬೆಂಗಳೂರಿನ ಒಂದು ನೀತಿ ಸಮಿತಿಗೆ ಸಹಿ ಮಾಡಿ ಕೊಟ್ಟಿದ್ದೇನೆ. ನಾನು ತೀರಿಕೊಂಡ ಮೇಲೂ ಆ ಸಹಿ ಜೀವಂತವಾಗಿರುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಹಾಗಾಗಿ ಇಲ್ಲಿ ಬರುವ ಹೆಸರುಗಳೂ ನಾನೇ ಇಟ್ಟವು.

ಅದು ಕೆಲವು ವರ್ಷಗಳ ಹಿಂದಿನ ಮಳೆಗಾಲ. ಆರೋಗ್ಯ ಇಲಾಖೆಯಿಂದ ನಿವೃತ್ತನಾಗಿ, ನನ್ನ ಅಧಿಕಾರವ್ಯಾಪ್ತಿ ಮನೆಯ ಸೊಳ್ಳೆಗಳಿಗೆ ಸೀಮಿತವಾಗಿದ್ದ ಕಾಲ. ಕೆಲಸದಲ್ಲಿದ್ದಾಗ ಬೈಂದೂರಿನ ಕೇರಿಗಳಲ್ಲಿ ಮನೆಮನೆಗೆ ಹೋಗಿ ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದೆನಾದ್ದರಿಂದ ಜನ ನನಗೆ 'ಮಲೇರಿಯಾ ಐತಾಳ್ರು' ಎಂಬ ಬಿರುದು ದಯಪಾಲಿಸಿದ್ದರು. ಇಲಾಖೆ ಕೊಟ್ಟ ಪದನಾಮಗಳನ್ನು ಇಲಾಖೆಯೇ ವಾಪಸು ತೆಗೆದುಕೊಂಡಿತು. ಇದು ಮಾತ್ರ ಉಳಿಯಿತು. ಈ ಬಿರುದಿನ ಬಲದಿಂದಲೇ ನನಗೆ ಒಂದು ಸಂಶೋಧನೆಯಲ್ಲಿ 'ಕ್ಷೇತ್ರ ಸಂಯೋಜಕ' ಎಂಬ ಹುದ್ದೆ ಒದಗಿತು. ಅರ್ಥಾತ್, ದಾರಿ ತೋರಿಸುವುದು, ಕೊಡೆ ಹಿಡಿಯುವುದು ಮತ್ತು ಬೆಂಗಳೂರಿನ ಕನ್ನಡವನ್ನು ಕುಂದಾಪ್ರ ಕನ್ನಡಕ್ಕೆ ಇಳಿಸುವುದು.

ಸಂಶೋಧಕಿ ಡಾಕ್ಟರ್ ಸುಮನಾ. ಅವರ ಶಾಸ್ತ್ರಕ್ಕೆ ವೈದ್ಯಕೀಯ ಮಾನವಶಾಸ್ತ್ರ ಎಂದು ಹೆಸರು. ರೋಗವೇನು ಎಂದು ವೈದ್ಯರು ಕೇಳಿದರೆ, ಆ ರೋಗ ಬಡವನ ಮನೆಯ ದಾರಿಯನ್ನೇ ಇಷ್ಟು ಚೆನ್ನಾಗಿ ಯಾಕೆ ಬಲ್ಲದು ಎಂದು ಇವರು ಕೇಳುತ್ತಾರೆ. ಅವರ ವಿಷಯ, ಕಡಲ ಕೆಲಸದವರಲ್ಲಿ ನೋವಿನ ಮಾತ್ರೆಯ ಚಟ ಮತ್ತು ಆರೋಗ್ಯದಲ್ಲಿನ ಅಸಮಾನತೆ. ಹುಷಾರು ಹೆಂಗಸು. ಮೊದಲ ದಿನವೇ ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗೆ ಇಳಿದವರು. ಆದರೆ ಕೇರಿಗೆ ಅವರ ಹುದ್ದೆಯನ್ನು ಅರ್ಥ ಮಾಡಿಸುವುದರಲ್ಲಿ ನಾನು ಸೋತುಹೋದೆ. ಮೀನು ಮಾರುವ ಜಲಜ ಬುಟ್ಟಿ ಇಳಿಸಿ ವಿಚಾರಣೆಗೆ ನಿಂತಳು.

"ಡಾಕ್ಟ್ರ್ ಅಂದ್ರಿ. ಮದ್ದ್ ಕೊಡ್ತ್ರಾ?"

"ಇಲ್ಲ."

"ಸೂಜಿ?"

"ಅದೂ ಇಲ್ಲ. ಕೇಳ್ತಾರೆ."

"ಬರೀ ಕೇಂಬುದಾ? ಕೇಂಬುದ್ ನಮ್ ಅತ್ತಿಯೂ ಕೇಂತ್ರ್. ಅವ್ರನ್ನ್ ಯಾರೂ ಡಾಕ್ಟ್ರ್ ಅಂದ್ ಹೇಳುದಿಲ್ಲೆ."

ಮಳೆಗಾಲ ಶುರುವಾದರೆ ದೊಡ್ಡ ಬೋಟುಗಳಿಗೆ ಕಡಲು ಬಂದ್. ವರ್ಷವಿಡೀ ಅವುಗಳಲ್ಲಿ ಕೂಲಿಗೆ ಹೋಗುವ ಗಂಡಸರು ಕೇರಿಗೆ ಮರಳುತ್ತಾರೆ. ಆಗ ಅವರದೇ ನಾಡದೋಣಿಯ ಸರದಿ. ಅದು ಒಬ್ಬರ ಸೊತ್ತಲ್ಲ, ಇಡೀ ತಂಡದ್ದು. ಆದರೆ ಮೊದಲ ಕೆಲವು ವಾರ ಕಡಲು ಅವರನ್ನೂ ಹತ್ತಿರ ಸೇರಿಸುವುದಿಲ್ಲ. ಅಲೆ ತಣಿದು, ಇಳಿಯಬಹುದು ಎಂದು ಹಿರಿಯರು ಹೇಳುವವರೆಗೆ ದೋಣಿ ಶೆಡ್ಡಿನಲ್ಲೇ ಇರುತ್ತದೆ, ಗಂಡಸರೂ ಶೆಡ್ಡಿನಲ್ಲೇ ಇರುತ್ತಾರೆ, ಬಲೆ ಕಟ್ಟುತ್ತ. ಸಂಶೋಧನೆಗೆ ಇದಕ್ಕಿಂತ ಪ್ರಶಸ್ತ ಕಾಲವಿಲ್ಲವೆಂದು ನಾನೇ ಸಲಹೆ ಕೊಟ್ಟಿದ್ದೆ. ತಗಡಿನ ಮೇಲೆ ಬೀಳುವ ಮಳೆ ಮತ್ತು ಎದುರಿಗೆ ಒದರುವ ಕಡಲಿನ ನಡುವೆ ಪ್ರಶ್ನೆ ಕೇಳಿಸುವುದಿಲ್ಲ, ಉತ್ತರ ಕೇಳಿಸುವುದೇ ಇಲ್ಲ ಎಂಬ ಸಣ್ಣ ಅಂಶ ಆಗ ಹೊಳೆದಿರಲಿಲ್ಲ.

ಅಧ್ಯಯನದ ನಿಯಮದಂತೆ ಮೊದಲು ಒಪ್ಪಿಗೆಯ ಹೇಳಿಕೆ ಓದಬೇಕು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ರಾಷ್ಟ್ರಗೀತೆಗೆ ನಿಂತ ಗಾಂಭೀರ್ಯದಿಂದ ಓದಿದೆ: "ಈ ಅಧ್ಯಯನದಲ್ಲಿ ಭಾಗವಹಿಸುವುದರಿಂದ ತಮಗೆ ಯಾವುದೇ ನೇರ ಪ್ರಯೋಜನ ಇರುವುದಿಲ್ಲ."

ತಂಡದ ಯಜಮಾನ ಮಂಜಣ್ಣ ಬಲೆಯಿಂದ ತಲೆ ಎತ್ತಿದ. ಅರವತ್ತು ದಾಟಿದ ಆಳು, ಮಾತಿಗೆ ಮೊದಲು ಎಲೆಯಡಿಕೆಯನ್ನು ಕೆನ್ನೆಯ ಇನ್ನೊಂದು ಪಕ್ಕಕ್ಕೆ ಸಾಗಿಸುವ ಅಭ್ಯಾಸ.

"ಹ್ವಾಯ್ ಐತಾಳ್ರೆ, ಇನ್ನೊಂದ್ ಸಲ ಓದಿ."

ಓದಿದೆ.

"ಸರ್ಕಾರದ್ ಬದಿಂದ ಬಂದವ್ರ್ ಇಷ್ಟ್ ಸತ್ಯ ಹೇಳುದ್ ನಾನ್ ಹುಟ್ಟಿದ್ಮೇಲೆ ಕಂಡದ್ದಿಲ್ಲೆ ಮಾರಾಯ್ರೆ. ಕೇಣಿ, ಎಂತ ಬೇಕಾರೂ ಕೇಣಿ."

ಕೇಳಿದೆವು. ಯಾರಿಗೂ ಏನೂ ಇರಲಿಲ್ಲ. ಬೆನ್ನುನೋವು? ಇಲ್ಲೆ. ಭುಜ? ಇಲ್ಲೆ. ಮಾತ್ರೆ? ಜ್ವರ ಬಂದರೆ ಮಾತ್ರ. ಇಡೀ ಶೆಡ್ಡು ಬಾಮಿನ ಘಾಟಿನಿಂದ ಕಣ್ಣು ಉರಿಸುತ್ತಿತ್ತು, ನೋವು ಮಾತ್ರ ಕೇರಿಯಲ್ಲಿ ಒಬ್ಬರಿಗೂ ಇರಲಿಲ್ಲ. ಇಷ್ಟು ಆರೋಗ್ಯವಂತ ಜನರನ್ನು ನಾನು ಇಲಾಖೆಯ ವರದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಂಡದ್ದಿಲ್ಲ. ದಿನಾ ಬ್ರಹ್ಮಾವರದಿಂದ ಬಸ್ಸು ಹಿಡಿದು, ಕುಂದಾಪುರದಲ್ಲಿ ಬದಲಿಸಿ, ಮರವಂತೆಯಲ್ಲಿ ಅಲೆ ರಸ್ತೆಗೆ ಹಾರುವುದನ್ನು ಕಿಟಕಿಯಿಂದ ನೋಡಿ, ಒದ್ದೆಯಾಗಿ ಬಂದು 'ಇಲ್ಲ' ಎಂಬ ಒಂದೇ ಪದವನ್ನು ನಾನಾ ಕಂಠಗಳಲ್ಲಿ ಸಂಗ್ರಹಿಸಿ ವಾಪಸು ಹೋಗುವುದು. ಬೇಸತ್ತು ಹೋಗಿದ್ದೆ.

ಒಂದು ಮಧ್ಯಾಹ್ನ ಗಾಳಿ ತಿರುಗಿ ಶೆಡ್ಡಿನೊಳಕ್ಕೇ ಮಳೆಯ ಎರಚಲು ಹೊಡೆಯಿತು. ಒಣಗಿ ಉಳಿದ ಜಾಗ ಒಂದೇ, ಟಾರ್ಪಾಲು ಹೊದ್ದ ದೋಣಿಯ ಹೊಟ್ಟೆ. "ಡಾಕ್ಟ್ರಮ್ಮ, ಹತ್ತಿ ಬನಿ, ಗಂಜಿ ಉಂಬ" ಎಂದು ಮಂಜಣ್ಣ ಕರೆದ. ಹತ್ತಿ ಕುಳಿತೆವು. ಸುಮನಾ ಅವರಿಗೆ ಎರಡು ದಿನದಿಂದ ಕೆಮ್ಮು. ಚೀಲದಿಂದ ಒಂದು ಕೆಮ್ಮಿನ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡರು. ದೋಣಿ ಸ್ತಬ್ಧವಾಯಿತು.

"ಅಮ್ಮಾ," ಮಂಜಣ್ಣ ಸಂಕೋಚದಿಂದ ಹೇಳಿದ, "ದೋಣಿಯಲ್ಲಿ ಒಬ್ರೇ ತಿಂಬುಕಾಗ."

ಅದು ಅಲ್ಲಿಯ ಕಟ್ಟುಪಾಡು. ದೋಣಿಯೊಳಗೆ ಬಾಯಿಗೆ ಹೋಗುವುದು ಏನೇ ಇರಲಿ, ವೀಳ್ಯವೋ ಬೀಡಿಯೋ ಬೆಲ್ಲದ ತುಂಡೋ, ಎಲ್ಲರಿಗೂ ಹಂಚಿಯೇ ತಿನ್ನಬೇಕು. ಒಬ್ಬನೇ ತಿಂದವನು ನಾಳೆ ಅಲೆಗೆ ಬಿದ್ದರೆ ಯಾರು ಕೈ ಕೊಟ್ಟಾರು? ಸುಮನಾ ಕಿವಿಯವರೆಗೆ ಕೆಂಪಾಗಿ ಗುಳಿಗೆಗಳನ್ನೆಲ್ಲ ಹಂಚಿದರು. ಕೆಮ್ಮಿಲ್ಲದ ಅಷ್ಟೂ ಗಂಡಸರು ತೀರ್ಥ ತೆಗೆದುಕೊಂಡವರಂತೆ ಕಣ್ಣು ಮುಚ್ಚಿ ಕೆಮ್ಮಿನ ಗುಳಿಗೆ ಚೀಪಿದರು. ನಾನೂ ಚೀಪಿದೆ.

ಆ ಗುಳಿಗೆ ನಮ್ಮ ಪ್ರಶ್ನೆಗಳಿಗೆ ಆಗದ್ದನ್ನು ಮಾಡಿತು. ಗಂಜಿ ಮುಗಿದ ಮೇಲೆ ನಾಗರಾಜ, ಜಲಜಳ ಗಂಡ, ಸೊಂಟದಿಂದ ಒಂದು ಸ್ಟ್ರಿಪ್ ತೆಗೆದು ಮಂಜಣ್ಣನ ಕೈಗೆ ಕೊಟ್ಟ. ಕೆಂಪು ಟೊಪ್ಪಿ, ಹಳದಿ ಮೈ. ಮಂಜಣ್ಣ ಒಂದೊಂದಾಗಿ ಬಿಡಿಸಿ ಎಲ್ಲರ ಅಂಗೈಗೆ ಹಾಕಿದ. ನಮ್ಮ ಮುಂದೆ ಬಂದಾಗ ಒಂದು ಕ್ಷಣ ನಿಂತು, "ನಿಮ್ಗ್ ಬೇಡ, ಕಡ್ಲಿಗೆ ಇಳುದಿಲ್ಲ ಅಲ್ದಾ" ಎಂದು ಮುಂದೆ ಹೋದ.

ಕಥೆ ಅಲ್ಲಿಯೇ ಬಿಚ್ಚಿಕೊಂಡಿತು. ಎರಡು ವರ್ಷ ಹಿಂದೆ ದೊಡ್ಡ ಬೋಟಿನಲ್ಲಿ ಬಲೆ ಎಳೆಯುವ ಹಗ್ಗ ಬಿಗಿ ತಪ್ಪಿ ನಾಗರಾಜನ ಬಲ ಭುಜಕ್ಕೆ ಬಡಿದಿತ್ತು. ವೈದ್ಯರು ಸರಿಯಾಗಿಯೇ ನೋಡಿದರು. ಈ ಮಾತ್ರೆ, ಭುಜಕ್ಕೆ ವ್ಯಾಯಾಮದ ಚಿಕಿತ್ಸೆ, ಮತ್ತೆ ಕೆಲವು ತಿಂಗಳು ರೆಸ್ಟ್.

"ಮಾತ್ರಿ ಅಂಗ್ಡಿಯಲ್ಲಿ ಸಿಕ್ತ್," ನಾಗರಾಜ ಹೇಳಿದ. "ರೆಸ್ಟ್ ಸಿಕ್ಲಿಲ್ಲೆ."

ಮಾತ್ರೆ ತಿಂದು ನಾಡದೋಣಿ ಹತ್ತಿದ. ಒಬ್ಬನೇ ತಿನ್ನುವಂತಿಲ್ಲ. ಹಂಚಿದ. ಯಾರ ಬೆನ್ನಿನಲ್ಲಿ ನೋವಿರಲಿಲ್ಲ? ಅಂದು ಬಲೆ ಹಗುರವಾಗಿ ಬಂತಂತೆ. ಅಂದಿನಿಂದ ಕಡಲಿಗೆ ಕಾಯಿ ಒಡೆದ ಮೇಲೆ ಮಾತ್ರೆ ಹಂಚುವುದೂ ಒಂದು ಕ್ರಮವಾಯಿತು. ಕಡಲಿಗೆ ಇಳಿಯದ ದಿನಗಳಲ್ಲೂ ಮೈ ಅದನ್ನು ಕೇಳತೊಡಗಿತು. ಒಬ್ಬನಿಗೆ ಬರೆದ ಚೀಟಿ ಒಂದು ದೋಣಿಯ ಚಟವಾದದ್ದು ಹೀಗೆ, ಕಳ್ಳತನದಿಂದಲ್ಲ, ಮರ್ಯಾದೆಯಿಂದ. ಸುಮನಾ ಅಂದು ಬಸ್ಸಿನಲ್ಲಿ ಕುಂದಾಪುರದವರೆಗೆ ಟಿಪ್ಪಣಿ ಪುಸ್ತಕ ತಿರುವಿಹಾಕಿದರು. ಆಮೇಲೆ, "ಐತಾಳ್ ಸರ್, ನಾವು ಇಷ್ಟು ದಿನ ಒಬ್ಬೊಬ್ಬರನ್ನೇ ಬದಿಗೆ ಕರೆದು ಕೇಳ್ತಾ ಇದ್ವಲ್ಲ, ಅದೇ ತಪ್ಪು" ಎಂದರು.

ಮರುದಿನ ಜಲಜ ಬಸ್ ಸ್ಟ್ಯಾಂಡಿನಲ್ಲೇ ನಮ್ಮಿಬ್ಬರನ್ನೂ ಹಿಡಿದಳು. ಉಳಿದವರದು ಹೇಗೋ ನಡೆಯುತ್ತಿತ್ತು, ನಾಗರಾಜನದು ಮಿತಿ ಮೀರಿತ್ತು. ಬೆಳಿಗ್ಗೆ ಮಾತ್ರೆ ತಡವಾದರೆ ಆಕಳಿಕೆ, ಮೂಗು ಸೋರುವುದು, ಕೈ ನಡುಕ. ಹಿಂದಿನ ಹಂಗಾಮಿನಲ್ಲಿ ದೋಣಿಯ ಅಂಚಿನಲ್ಲಿ ತೂಕಡಿಸಿ, ನೀರಿಗೆ ಬೀಳುವವನನ್ನು ಲುಂಗಿ ಹಿಡಿದು ಎಳೆದಿದ್ದರು.

"ಎಂತಾರೂ ಮಾಡಿ ಐತಾಳ್ರೆ. ಅವ್ರೇ ಹೇಳ್ತಿದ್ರ್, ಬಿಡ್ತೆ ಅಂದ್. ದೋಣಿ ಇಳ್ಸುಕ್ ಮೊದ್ಲ್ ಆಯ್ಕ್."

ಹಿಂದೆ ನಿಂತಿದ್ದ ನಾಗರಾಜ ಒಂದೇ ಮಾತು ಸೇರಿಸಿದ. "ಮಾತ್ರಿ ಬಿಡ್ಕ್, ದೋಣಿ ಬಿಡುಕಾಗ. ಅಷ್ಟ್ ಮಾಡಿ ಕೊಡಿ."

ಇಷ್ಟೇ ಬೇಡಿಕೆ. ನಾನು ಸುಮನಾ ಅವರ ಮುಖ ನೋಡಿದೆ. ಅವರು ಕೊಡೆಯ ಹಿಡಿಯನ್ನು ನೋಡುತ್ತ, "ನಾನು ಸಂಶೋಧಕಿ. ಮಧ್ಯೆ ಕೈ ಹಾಕೋ ಹಾಗಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹಾಕಬಹುದು. ನೀವು ನಿವೃತ್ತರು" ಎಂದರು.

ಹೆದ್ದಾರಿಗೆ ಹತ್ತಿರ ಒಂದು ವ್ಯಸನಮುಕ್ತಿ ಕೇಂದ್ರವಿತ್ತು. ಎಲ್ಲಿ ಎಂದು ಕೇಳಬೇಡಿ. ಜನ ಕೆಟ್ಟವರಲ್ಲ, ನಿಯಮಗಳು ಒಳ್ಳೆಯವು, ಅದೇ ತೊಂದರೆ. ಫೋನು ಮಾಡಿದೆ. ಒಂದು ಹಾಸಿಗೆ ಖಾಲಿ ಇದೆ, ಸೋಮವಾರ ಬನ್ನಿ, ರೋಗಿಯ ಜೊತೆ ಒಬ್ಬರು ಮಾತ್ರ ಎಂದರು. ಅದನ್ನು ಅಕ್ಷರ ಬಿಡದೆ ಶೆಡ್ಡಿನಲ್ಲಿ ಘೋಷಿಸಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಹಳೆಯ ಸರ್ಕಾರಿ ನೌಕರನಾದ ನಾನು ತಲೆ ಅಲ್ಲಾಡಿಸುವುದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಸೋಮವಾರ ಗೇಟಿನ ಬಳಿ ಕೊಡೆ ಹಿಡಿದು ಸುಮನಾ ಅವರೊಂದಿಗೆ ಕಾದಿದ್ದೆ. ನಾಗರಾಜ, ಜಲಜ ಬಸ್ಸಿನಲ್ಲಿ ಬರಬೇಕಿತ್ತು. ಬಂದದ್ದು ಮೀನಿನ ಟೆಂಪೋ. ಹಿಂದಿನ ಬಾಗಿಲು ತೆರೆಯಿತು, ನಾಗರಾಜ ಇಳಿದ, ಜಲಜ ಇಳಿದಳು, ಮಂಜಣ್ಣ ಇಳಿದ, ಆಮೇಲೆ ಇಡೀ ದೋಣಿ ಇಳಿಯಿತು. ಎಲ್ಲರೂ ಮಡಿಕೆ ಬಿಚ್ಚಿದ ಬಿಳಿ ಅಂಗಿ ತೊಟ್ಟಿದ್ದರು.

"ಮಂಜಣ್ಣ, ಒಬ್ರು ಮಾತ್ರ ಅಂತ ಹೇಳಿದ್ದೆನಲ್ಲ?"

"ಹೇಳ್ದ್ರಿ. ಕೇಂಡಿತ್. ಒಬ್ಬನ್ನ್ ಕರ್ಕಂಡ್ ಬಂದ್ರೆ ಉಳ್ದವ್ರ್ ಎಂತ, ವೈರಿಗಳಾ? ಯಾರನ್ನ್ ಬಿಟ್ಟ್ ಬಪ್ಪುದ್, ನೀವೇ ಹೇಳಿ."

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನಿಭಾಯಿಸುತ್ತಿದ್ದೆ. ಆದರೆ ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಡಾಕ್ಟರಿಗೆಂದು ಬೊಂಡದ, ಅಂದರೆ ಎಳನೀರಿನ, ಗೊನೆ ತಂದಿದ್ದರು. ಬೊಂಡ ಎಂದ ಮೇಲೆ ಕೆತ್ತಬೇಕಲ್ಲ. ಮಂಜಣ್ಣ ಟೆಂಪೋದೊಳಗೆ ಕೈ ಹಾಕಿ ಹೊರಗೆಳೆದದ್ದು ಮೊಳದುದ್ದದ ಕತ್ತಿ.

ಎಲ್ಲೋ ಆಸ್ಪತ್ರೆಯೊಂದರಲ್ಲಿ ರೋಗಿಯ ಕಡೆಯವರು ಗಾಜು ಒಡೆದ ಸುದ್ದಿ ಆ ವಾರವಷ್ಟೇ ಓಡಾಡಿತ್ತು. ಕಾವಲುಗಾರನ ಕಣ್ಣಿನಿಂದ ನೋಡಿ: ಮಳೆಯಲ್ಲಿ ಒಂದು ಟೆಂಪೋ, ಅದರಿಂದ ಇಳಿದ ಕಟ್ಟುಮಸ್ತು ಗಂಡಸರ ಗುಂಪು, ಮುಂದೆ ಕತ್ತಿ ಹಿಡಿದ ಯಜಮಾನ. ಕಾವಲುಗಾರ ಗೇಟಿಗೆ ಬೀಗ ಜಡಿದು ಒಳಗೆ ಫೋನಿನ ಕಡೆ ಓಡಿದ.

"ಹೋಯ್, ಹೆದ್ರಬೇಡಿ," ಮಂಜಣ್ಣ ಕತ್ತಿಯನ್ನೇ ಎತ್ತಿ ಕರೆದ, "ಡಾಕ್ಟ್ರಿಗೆ!"

ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಸಮಾಧಾನದ ಮನುಷ್ಯ. ಕತ್ತಿ ತೆಗೆಸಿಟ್ಟರು, ಬೊಂಡವನ್ನು ಮುಟ್ಟಲಿಲ್ಲ, ನಾಗರಾಜನೊಬ್ಬನನ್ನು ಒಳಗೆ ಕಳಿಸಿದರು. ನಾನು ಮತ್ತು ಸುಮನಾ ಹಿಂದೆಯೇ ನುಸುಳಿದೆವು. ಆಪ್ತಸಮಾಲೋಚಕರು ಎಳೆಯ ಪ್ರಾಯದವರು, ಕಲಿತದ್ದನ್ನು ಕ್ರಮವಾಗಿ ಕೇಳಿದರು.

"ಮಾತ್ರೆ ಒಬ್ಬರೇ ಇದ್ದಾಗ ತಗೋತೀರಾ?"

"ಛೆ, ಇಲ್ಲೆ. ಒಬ್ನೇ ತಿಂಬುದಿಲ್ಲೆ."

"ಮತ್ತೆ ಯಾರು ಕೊಡ್ತಾರೆ?"

"ಮಂಜಣ್ಣ."

"ಎಲ್ಲರಿಗೂ ಅವರೇ ಕೊಡ್ತಾರಾ?"

"ಹೌದ್. ಯಜಮಾನ್ರ್ ಅಲ್ದಾ."

ಸಮಾಲೋಚಕರ ಪೆನ್ನು ನಿಂತಿತು. ಬಾಗಿಲಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಒಳಗೆ ಬಂದರು. "ಯಾರ್ರೀ ಅದು ಮಂಜಣ್ಣ?"

ಆ ಕ್ಷಣದಲ್ಲಿ ಎಲ್ಲ ತಿರುಗಿತು. ನಾಗರಾಜ ಪೊಲೀಸರ ಮುಖ ನೋಡಿದ, ಕಿಟಕಿಯಾಚೆ ಮಳೆಯಲ್ಲಿ ಬೊಂಡದ ಗೊನೆ ಹಿಡಿದು ನಿಂತ ಮಂಜಣ್ಣನನ್ನು ನೋಡಿದ. ಆಮೇಲೆ ಎದ್ದು ನಿಂತ.

"ಯಾರೂ ಎಂತದೂ ಕೊಡ್ಲಿಲ್ಲೆ. ನಂಗ್ ಯಾವ ಚಟವೂ ಇಲ್ಲೆ. ಹೊಟ್ಟಿನೋವ್ ಅಂದ್ ಬಂದದ್ದ್."

"ಹೊಟ್ಟೆನೋವಿಗೆ ಇಷ್ಟು ಜನ ಬಂದ್ರಾ?"

"ಹೌದ್ ಸಾರ್. ಜೋರ್ ನೋವ್ ಇತ್ತ್."

ನಾನು ಎದ್ದು ಸಾರ್ವಜನಿಕ ಆರೋಗ್ಯದ ಕುರಿತು ಒಂದು ಭಾಷಣ ಆರಂಭಿಸಿದೆ. ಸಬ್ ಇನ್ಸ್‌ಪೆಕ್ಟರ್ ಮರ್ಯಾದೆಯಿಂದ ಕೇಳಿ, "ತಾವು ಯಾರು?" ಎಂದರು. ಸಂಶೋಧನೆಯ ಕ್ಷೇತ್ರ ಸಂಯೋಜಕ ಎಂದೆ. "ಯಾವ ಊರಿನ ಸಂಶೋಧನೆ?" ಎಂದರು. ಹೇಳುವಂತಿರಲಿಲ್ಲ. ನೀತಿ ಸಮಿತಿಯ ಸಹಿ ನನ್ನ ಬಾಯಿಗೆ ಅಡ್ಡ ನಿಂತಿತು. ಹೆಸರು ಹೇಳದ ಊರಿನ, ಹೆಸರು ಹೇಳದ ಜನರ, ನೇರ ಪ್ರಯೋಜನವಿಲ್ಲದ ಅಧ್ಯಯನ. ಅವರು ನನ್ನನ್ನು ಕನಿಕರದಿಂದ ನೋಡಿದರು.

ಸುಮನಾ ಮಾತ್ರ ನಿಯಮ ಬಿಟ್ಟು ಬಾಯಿ ತೆರೆದರು. "ಇದು ಅವರೊಬ್ಬರ ಸಮಸ್ಯೆ ಅಲ್ಲ. ಮಾರೋದೂ ಅಲ್ಲ. ದಯವಿಟ್ಟು ಎಲ್ಲರನ್ನೂ ಒಟ್ಟಿಗೇ ಕೂರಿಸಿ ನೋಡಿ."

"ಮೇಡಂ, ನಮ್ಮಲ್ಲಿ ಗುಂಪು ಚಿಕಿತ್ಸೆ ಇದೆ," ಸಮಾಲೋಚಕರು ಹೆಮ್ಮೆಯಿಂದಲೇ ಹೇಳಿದರು. "ಆದ್ರೆ ಅದಕ್ಕೆ ಒಬ್ಬೊಬ್ಬರಾಗಿ ಬಂದು ದಾಖಲಾಗಬೇಕು. ಇವರು ತನಗೆ ಚಟವೇ ಇಲ್ಲ ಅಂತಿದ್ದಾರೆ. ಇಲ್ಲದ ರೋಗಕ್ಕೆ ಹಾಸಿಗೆ ಕೊಡೋದು ಹೇಗೆ?"

ಹಾಸಿಗೆ ಬೇರೆಯವರಿಗೆ ಹೋಯಿತು. ಮಂಜಣ್ಣ ಕತ್ತಿ ವಾಪಸು ಕೇಳಿ ಪಡೆದು, ಗೇಟಿನ ಹೊರಗೆ ಬೊಂಡ ಕೆತ್ತಿದ. ತಂದದ್ದನ್ನು ತಿರುಗಿ ಒಯ್ಯುವುದು ಹೇಗೆ? ಕಾವಲುಗಾರನಿಗೊಂದು, ಜೀಪಿನ ಚಾಲಕರಿಗೊಂದು, ಸಬ್ ಇನ್ಸ್‌ಪೆಕ್ಟರಿಗೂ ಒಂದು. ಯಾರಿಗೂ ಒಬ್ಬರೇ ಕುಡಿಯುವ ಪ್ರಸಂಗ ಬರಲಿಲ್ಲ. ನಾಗರಾಜ ಟೆಂಪೋದ ಮೂಲೆಯಲ್ಲಿ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದ. ಅಂದು ಬೆಳಿಗ್ಗೆಯಿಂದ ಅವನು ಮಾತ್ರೆ ತಿಂದಿರಲಿಲ್ಲ. ಡಾಕ್ಟರ ಎದುರು ಸ್ವಚ್ಛವಾಗಿ ಹೋಗಬೇಕು ಎಂದು.

ಅಂದೇ ಶೆಡ್ಡಿನಲ್ಲಿ ಮಂಜಣ್ಣ ತೀರ್ಪು ಕೊಟ್ಟ. "ಅವ್ರ್ ಬಿಡ್ಸದಿದ್ರೆ ಬೇಡ. ನಾವೇ ಬಿಡುವ. ಎಲ್ರೂ ಬಿಡುವ." ಹೊರಗೆ ಕಡಲು ಇನ್ನೂ ಒದರುತ್ತಿತ್ತು. ದೋಣಿಯೊಳಗೆ ಚಾಪೆ ಹಾಸಿ ನಾಗರಾಜನನ್ನು ಮಲಗಿಸಿದರು. ಕಂಬಳಿಯೊಳಗೆ ಹಲ್ಲು ಕಟಕಟ, ವಾಂತಿ, ಕಾಲುಗಳಲ್ಲಿ ಹುಳ ಹರಿದಂತೆ ಒದ್ದಾಟ. ಉಳಿದವರಿಗೂ ಸುಖವಿರಲಿಲ್ಲ, ನಡುಗುವವನನ್ನು ಇನ್ನೊಬ್ಬ ನಡುಗುವವನು ಹಿಡಿದುಕೊಂಡಿದ್ದ. ಜಲಜ ಕಾಳುಮೆಣಸಿನ ಕಷಾಯ ಕಾಸಿ ತರುತ್ತಿದ್ದಳು. ಹೀಗೆ ಏಕಾಏಕಿ ಬಿಡುವುದು ಅಪಾಯ ಎಂದು ನಾನು ಗೊತ್ತಿದ್ದ ವೈದ್ಯರೊಬ್ಬರನ್ನು ಕಾಡಿ ಬೇಡಿ ಕರೆತಂದು ತೋರಿಸಿದೆ. ಅವರು ಖಾಸಗಿಯಾಗಿ ಬಂದರು, ಖಾಸಗಿಯಾಗಿಯೇ ಹೋದರು. ಆಷಾಢದ ಗಾಳಿ ತಣಿಯುವ ಹೊತ್ತಿಗೆ ನಾಗರಾಜ ಎದ್ದು ಕುಳಿತು ಗಂಜಿ ಕೇಳಿದ. ಸುಮನಾ ಶೆಡ್ಡಿನ ಹಿಂದೆ ಹೋಗಿ ಕಣ್ಣು ಒರೆಸಿಕೊಂಡರು. ನಾನು ಜೇಬಿನಲ್ಲಿ ಕೆಮ್ಮಿನ ಗುಳಿಗೆ ಹುಡುಕಿದೆ, ಇರಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸುವ ಅಧಿಕಾರ ನಮಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆವು.

ಕಡಲು ತಣಿಯಿತು. ಕಾಯಿ ಒಡೆದು ದೋಣಿ ಇಳಿಸಿದರು. ದಂಡೆಯಿಂದಲೇ ಕಾಣುವಷ್ಟು ಹತ್ತಿರ ಬಂಗುಡೆಯ ಹಿಂಡು ಬಂದಿತ್ತು. ಬಲೆ ಬಿಟ್ಟರು, ಎಳೆಯತೊಡಗಿದರು. ನಾಗರಾಜನ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಹಲ್ಲು ಕಚ್ಚಿ ಎಳೆದ, ಕೂಗಿ ಎಳೆದ. ಅವನ ಕಡೆಯ ಬಲೆ ಹಿಂದೆ ಬಿತ್ತು, ಮೀನು ಆ ಸಡಿಲಿನಿಂದ ಬೆಳ್ಳಿಯಂತೆ ಜಾರಿ ಹೋಯಿತು.

ಆಗ ನನಗೆ ತಲೆ ಕೆಟ್ಟುಹೋಯಿತು. ಇಷ್ಟು ದಿನ ಸಂಶೋಧನೆ, ಕೇಂದ್ರ, ಪೊಲೀಸು, ನಾನು, ಎಲ್ಲರ ಕಣ್ಣೂ ಮಾತ್ರೆಯ ಮೇಲಿತ್ತು. ಭುಜವನ್ನು ಕೇಳಿದವರೇ ಇಲ್ಲ. ಮಾತ್ರೆ ಬಿಟ್ಟರೆ ಭುಜ ಎಲ್ಲಿ ಹೋಗುತ್ತದೆ? ಅದು ಮೊದಲ ದಿನ ಹೇಗೆ ಜಜ್ಜಿತ್ತೋ ಹಾಗೇ ಅಲ್ಲೇ ಕೂತಿತ್ತು. ವ್ಯಾಯಾಮದ ಚಿಕಿತ್ಸೆ ಸಿಗುವ ಜಾಗಕ್ಕೆ ಎರಡು ಬಸ್ಸು ಬದಲಿಸಿ ಹೋಗಬೇಕು, ದಿನ ಬಿಟ್ಟು ದಿನ, ಮಧ್ಯಾಹ್ನದೊಳಗೆ. ಅದೂ ಮೀನು ಬರುವ ಹಂಗಾಮಿನಲ್ಲಿ. ಆ ಚಿಕಿತ್ಸೆ ಹತ್ತಿರದ ಆಸ್ಪತ್ರೆಯಲ್ಲೇ ಸಿಗಲಿ ಎಂದು ನಾನು ಅರ್ಜಿ ಬರೆದೆ. ಬರೆಯುವ ಕಲೆ ನನ್ನ ಕೈಯಲ್ಲಿ ಇನ್ನೂ ಇತ್ತು. ಉತ್ತರಿಸದಿರುವ ಕಲೆ ಕಚೇರಿಗಳ ಕೈಯಲ್ಲೂ ಇತ್ತು.

ಇನ್ನು ಉಳಿದ ದಾರಿ ಎರಡೇ, ಮಾತ್ರೆ ತಿನ್ನುವುದು ಇಲ್ಲವೇ ದೋಣಿ ಬಿಡುವುದು. ಮಾತ್ರೆ ತಿಂದರೆ ಭುಜ ಸುಮ್ಮನಾಗುತ್ತದೆ. ಆದರೆ ದೋಣಿಯಲ್ಲಿ ಒಬ್ಬನೇ ತಿನ್ನುವಂತಿಲ್ಲ. ಮನೆಯಲ್ಲಿ ಗುಟ್ಟಾಗಿ ತಿಂದು ಬಾ ಎಂದು ನಾನೇ ಹೇಳಿದೆ. ನಾಗರಾಜ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದ.

"ಮನಿಯಲ್ಲಿ ತಿಂದ್ರೂ ಹೊಟ್ಟಿಯಲ್ಲಿಟ್ಕಂಡ್ ದೋಣಿ ಹತ್ತುದ್ ಅಲ್ದಾ ಐತಾಳ್ರೆ. ನಾನ್ ತಿಂದ್ರೆ ಎಲ್ರೂ ತಿಂಬುಕೆ ಶುರು ಮಾಡ್ತ್ರ್. ಅವ್ರ್ ನಡ್ಗಿದ್ದ್ ನಾನ್ ಕಂಡಿದೆ."

ಮರುದಿನ ಅವನು ದೋಣಿಗೆ ಹತ್ತಲಿಲ್ಲ. ತಳ್ಳುವಾಗ ಎಡಗೈ ಕೊಟ್ಟು, ನೀರು ಮೊಣಕಾಲಿಗೆ ಬರುವವರೆಗೆ ಬಂದು, ಅಲ್ಲೇ ನಿಂತ.

ಬೆಂಗಳೂರಿನಲ್ಲಿ ವರದಿ ಮಂಡನೆಯಾಯಿತು. ನನ್ನನ್ನೂ ಕರೆದಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋದೆ. ಸುಮನಾ ಭುಜದ ಕುರಿತು ಒಂದು ಇಡೀ ಅಧ್ಯಾಯ ಬರೆದಿದ್ದರು. ಅದು ವಿಷಯದ ವ್ಯಾಪ್ತಿಗೆ ಹೊರಗಿನದು ಎಂದು ಸಂಸ್ಥೆಯ ಹಿರಿಯರು ತೆಗೆಸಿದರು. ಸುಮನಾ ಜಗಳವಾಡಿದರು, ದನಿ ಏರಿಸಿದರು, ಸೋತರು. ಉಳಿದ ವರದಿಯಲ್ಲಿ ನಾಗರಾಜನ ಎದುರು 'ಬಳಕೆ ನಿಲ್ಲಿಸಿದ್ದಾರೆ' ಎಂದಿತ್ತು. ಚಪ್ಪಾಳೆ ಬಿತ್ತು. ಊಟ ಚೆನ್ನಾಗಿತ್ತು.

ಮೊನ್ನೆ ಮೂಳೆ ತಜ್ಞರ ಆಜ್ಞೆ ಮೀರಿ ಬೈಂದೂರು ಬಸ್ಸು ಹತ್ತಿದೆ. ಶೆಡ್ಡು ಹಾಗೆಯೇ ಇದೆ, ತಗಡು ಹೊಸದು. ಕಡಲು ಒದರುತ್ತಿತ್ತು, ದೋಣಿ ಇಳಿದಿರಲಿಲ್ಲ. ಮಂಜಣ್ಣನ ಕೆನ್ನೆಯೊಳಗೆ ಎಲೆಯಡಿಕೆ ಈಗಲೂ ಪಕ್ಷ ಬದಲಿಸುತ್ತದೆ. "ಹತ್ತಿ ಬನಿ, ಗಂಜಿ ಉಂಬ" ಎಂದ. ಇಬ್ಬರು ಸೇರಿ ನನ್ನನ್ನು ದೋಣಿಗೆ ಏರಿಸಿದರು. ನಾಗರಾಜ ಹತ್ತಲಿಲ್ಲ. ದೋಣಿಯ ಪಕ್ಕದಲ್ಲಿ ಮರಳ ಮೇಲೆ ಕುಳಿತು ಎಡಗೈಯಿಂದ ಬಲೆಯ ಹರಕು ಕಟ್ಟುತ್ತಿದ್ದ. ಅವನ ಗಂಜಿಯನ್ನು ಅಲ್ಲಿಗೇ ಇಳಿಸಿ ಕೊಟ್ಟರು. ಜಲಜ ಬುಟ್ಟಿಯೊಂದಿಗೆ ಊರು ತಿರುಗಲು ಹೋಗಿದ್ದಳು.

ಊಟವಾಯಿತು. ಊಟ ಆದ ಮೇಲೆ ಎಂದು ಅಂಗಡಿಯವರು ಹೇಳಿದ್ದರಲ್ಲ, ಕೈ ತಾನಾಗಿ ಜೇಬಿಗೆ ಹೋಯಿತು. ಸ್ಟ್ರಿಪ್ ಹೊರಗೆ ಬಂದ ಮೇಲಷ್ಟೇ ದೋಣಿ ಸ್ತಬ್ಧವಾದದ್ದು ನನ್ನ ಗಮನಕ್ಕೆ ಬಂತು. ಕೆಂಪು ಟೊಪ್ಪಿ, ಹಳದಿ ಮೈ. ಮಂಜಣ್ಣ ಕಡಲಿನ ಕಡೆ ಮುಖ ತಿರುಗಿಸಿದ.

"ತಿನ್ನಿ ಐತಾಳ್ರೆ," ಕೆಳಗಿನಿಂದ ನಾಗರಾಜ ಹೇಳಿದ. "ನಿಮ್ದ್ ಕಾಯ್ಲಿ ಅಲ್ದಾ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ನಾನು ಎದ್ದು ದೋಣಿಯ ಅಂಚು ಹಿಡಿದು ಇಳಿಯಲು ನೋಡಿದೆ. ಮಂಡಿ ಒಪ್ಪಲಿಲ್ಲ. ನಾಗರಾಜ ಬಲೆ ಬದಿಗಿಟ್ಟು ಎದ್ದು ಎಡಗೈ ಕೊಟ್ಟ. ಅದನ್ನು ಹಿಡಿದು ಮರಳಿಗೆ ಇಳಿದು, ದೋಣಿಗೆ ಬೆನ್ನು ಹಾಕಿ ನಿಂತು, ಮಾತ್ರೆ ನುಂಗಿದೆ. ಅವನು ತನ್ನ ಚೊಂಬಿನಿಂದ ನೀರು ಕೊಟ್ಟ.

"ಡಾಕ್ಟ್ರ್ ಎಂತ ಹೇಳ್ರ್?"

"ರೆಸ್ಟ್ ಮಾಡಿ ಅಂದ್ರು."

"ಸಿಕ್ತಾ?"

"ಸಿಕ್ತ್," ಎಂದೆ.

ಅವನು ತಲೆ ಅಲ್ಲಾಡಿಸಿ, ಕುಳಿತು, ಬಲೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡ.